ಗೇಟಿನಲ್ಲಿ ಕರೆಯುವ ಬಸ್ಸು

ಕಾರ್ಕಳಕ್ಕೆ ನಮ್ಮ ತುಳುವಿನಲ್ಲಿ ಕಾರ್ಲ ಎನ್ನುತ್ತಾರೆ. ಮಣಿಪಾಲದ ಆಸ್ಪತ್ರೆಯ ಗೇಟಿನೊಳಗೆ ನಿಂತು ಆ ಎರಡಕ್ಷರವನ್ನು ಕೂಗುವುದು ಒಂದು ಕಾಲದಲ್ಲಿ ನನ್ನ ಕೆಲಸದ ಭಾಗವಾಗಿತ್ತು. ನಾನು ಬಸ್ ಕಂಡಕ್ಟರ್. ಕೂಗುವುದಕ್ಕೆಂದೇ ಹುಟ್ಟಿದವರು ನೀವು ಎಂದು ನನ್ನ ಹೆಂಡತಿ ಈಗಲೂ ಹಂಗಿಸುತ್ತಾಳೆ, ಮನೆಯಲ್ಲಿ ಮೆಲ್ಲಗೆ ಮಾತಾಡಲು ನನಗೆ ಬರುವುದಿಲ್ಲ. ಆದರೆ ಬಸ್ ಸ್ಟ್ಯಾಂಡಿನಲ್ಲಿ ಕೂಗುವುದು ಬೇರೆ, ಆಸ್ಪತ್ರೆಯ ಗೇಟಿನಲ್ಲಿ ಕರೆಯುವುದು ಬೇರೆ. ಸ್ಟ್ಯಾಂಡಿನಲ್ಲಿ ಪಕ್ಕದ ಬಸ್ಸಿನವನ ಬಾಯಿಂದ ಗಿರಾಕಿಯನ್ನು ಕಿತ್ತುಕೊಳ್ಳಲು ಕೂಗುತ್ತೇವೆ. ಗೇಟಿನಲ್ಲಿ ಕರೆಯುತ್ತಿದ್ದದ್ದು ಯಾರೂ ಹಿಂದೆ ಉಳಿಯಬಾರದು ಎಂದು. ಅಲ್ಲಿ ಗಂಟಲು ತಾನಾಗಿಯೇ ತಗ್ಗುತ್ತಿತ್ತು.

ಎಪ್ಪತ್ತರ ದಶಕ ಶುರುವಾಗುವ ಹೊತ್ತಿಗೆ, ಒಬ್ಬ ಧಣಿಯ ಬಸ್ಸುಗಳಲ್ಲಿ ದುಡಿಯುತ್ತಿದ್ದ ಕೆಲವು ಡ್ರೈವರು ಕಂಡಕ್ಟರುಗಳು ಸೇರಿ ತಮ್ಮದೇ ಕಂಪೆನಿ ಕಟ್ಟಿದರು. ಹೆಂಡತಿಯರ ಕೊರಳು ಬರಿದಾಯಿತು, ಒಂದು ಹಳೆಯ ಬಸ್ಸು ಬಂತು. ಭಟ್ಟರು ಅದರ ಮುಂದೆ ಕಾಯಿ ಒಡೆದರು, ಪಾದ್ರಿಗಳು ತೀರ್ಥ ಚಿಮುಕಿಸಿದರು. ಡ್ರೈವರಿನ ತಲೆಯ ಮೇಲೆ ಕೃಷ್ಣ, ಮರಿಯಮ್ಮ, ಮೆಕ್ಕಾ ಮೂರೂ ಪಟಗಳು ಸಾಲಾಗಿ ಕೂತವು. ಎಲ್ಲರನ್ನೂ ಕೂರಿಸಿಬಿಟ್ಟರೆ ಬ್ರೇಕು ಹಿಡಿದೀತು ಎಂಬ ಆಸೆ ಇದ್ದಿರಬೇಕು, ಯಾಕೆಂದರೆ ಆ ಬಸ್ಸಿಗೆ ಬ್ರೇಕು ಸರಿಯಾಗಿ ಇರಲಿಲ್ಲ. ಬೆಳಿಗ್ಗೆ ಕಾರ್ಕಳದಿಂದ ಹೊರಟು ಬೈಲೂರು, ಹಿರಿಯಡ್ಕ, ಮಣಿಪಾಲ, ಉಡುಪಿ ದಾಟಿ ಕಾಪುವಿಗೆ ಹೋಗುವುದು, ಹಾಗೆಯೇ ತಿರುಗಿ ಬರುವುದು. ಸಂಜೆಯ ಕೊನೆಯ ಟ್ರಿಪ್ಪು ಕಾರ್ಕಳದಲ್ಲಿ ಮುಗಿಯುತ್ತಿತ್ತು. ನಾನು ಕಾಪುವಿನವನು, ಪಾಲುದಾರನಲ್ಲ, ಸಂಬಳದ ಆಳು. ಆದರೂ ಕಂಪೆನಿಯನ್ನು ನಮ್ಮದು ಎಂದೇ ಹೇಳುತ್ತಿದ್ದೆ, ಯಾರೂ ಅದನ್ನು ತಿದ್ದಿದವರಿಲ್ಲ.

ಪಾಲುದಾರರಲ್ಲಿ ಒಬ್ಬರು ನನ್ನ ಡ್ರೈವರು. ಕಾರ್ಕಳಕ್ಕೆ ಸ್ವಲ್ಪ ಈಚೆಗೆ ಮನೆ, ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮನೆತನ. ನಮ್ಮ ಕಡೆ ಅಂಥ ಹಿರಿಯರನ್ನು ಪೊರ್ಬುಗಳು ಎಂದು ಕರೆಯುವುದು ಮರ್ಯಾದೆ, ನಾನೂ ಹಾಗೆಯೇ ಕರೆಯುತ್ತಿದ್ದೆ. ನನ್ನೊಡನೆ ಅವರು ಆಡುತ್ತಿದ್ದದ್ದು ತುಳು, ಬಸ್ಸಿನೊಡನೆ ಆಡುತ್ತಿದ್ದದ್ದು ಕೊಂಕಣಿ. ಪರ್ಕಳದ ಇಳಿಜಾರಿನಲ್ಲಿ ಬಸ್ಸಿಗೆ ಅವರು ಹೇಳುತ್ತಿದ್ದ ಮಾತುಗಳನ್ನು ಕೇಳಿಯೇ ನಾನು ಕೊಂಕಣಿ ಕಲಿತದ್ದು. ಆದ್ದರಿಂದ ನನ್ನ ಕೊಂಕಣಿಯನ್ನು ಮರ್ಯಾದಸ್ಥರ ಮನೆಯಲ್ಲಿ ಆಡುವ ಹಾಗಿಲ್ಲ.

ಗೇಟಿನಲ್ಲಿ ಕರೆಯುವ ಪದ್ಧತಿ ಅವರಿಂದ ಬಂದದ್ದು. ಕಂಪೆನಿಯ ಮೊದಲ ಮಳೆಗಾಲದಲ್ಲಿ ಒಂದು ಮುಂಜಾನೆ ಅವರು ಕಾರ್ಕಳದಿಂದ ಬಸ್ಸು ತರುವಾಗ ಹಿರಿಯಡ್ಕದ ಹತ್ತಿರ ಒಬ್ಬ ಗಂಡಸು ಹೆಂಡತಿಯನ್ನು ಹೆಚ್ಚುಕಡಿಮೆ ಹೊತ್ತುಕೊಂಡು ನಡೆಯುತ್ತಿದ್ದನಂತೆ. ಹೆರಿಗೆಯಾಗಿ ಹೆಚ್ಚು ದಿನವಾಗಿರಲಿಲ್ಲ, ಕೈಯಲ್ಲಿ ಮಗು ಇರಲಿಲ್ಲ. ಹಿಂದಿನ ಸಂಜೆ ಆಸ್ಪತ್ರೆಯಲ್ಲಿ ಬಿಡುಗಡೆ ಆಗುವಾಗ ಹೊತ್ತಾಗಿ ಕೊನೆಯ ಬಸ್ಸು ಹೋಗಿಬಿಟ್ಟಿತ್ತು. ಮಗು ಉಳಿಯದ ಜಾಗದಲ್ಲಿ ಮತ್ತೆ ರಾತ್ರಿ ಕಳೆಯಲು ಆಕೆ ಒಪ್ಪಲಿಲ್ಲವಂತೆ. ಆ ಕೊನೆಯ ಬಸ್ಸನ್ನು ಸಮಯಕ್ಕೆ ಸರಿಯಾಗಿ ಹೊರಡಿಸಿಕೊಂಡು ಹೋದವರು ಪೊರ್ಬುಗಳೇ. ಮಾರನೆಯ ದಿನದಿಂದ ಅವರು ಸಂಜೆಯ ಬಸ್ಸನ್ನು ಆಸ್ಪತ್ರೆಯ ಗೇಟಿನ ಎದುರು ನಿಲ್ಲಿಸಲು ಶುರು ಮಾಡಿದರು. ಅದು ಸ್ಟಾಪ್ ಅಲ್ಲ, ಸ್ಟಾಪ್ ಇರುವುದು ಮುಂದೆ ಸರ್ಕಲ್ಲಿನಲ್ಲಿ. ಕಂಡಕ್ಟರು ಇಳಿದು ಗೇಟಿನೊಳಗೆ ಹೋಗಿ ಕರೆಯಬೇಕು, ಬರುವವರು ಇದ್ದರೆ ಕಾಯಬೇಕು. ಮೀಟಿಂಗು ಮಾಡಿ ಠರಾವು ಪಾಸು ಮಾಡಿದ್ದಲ್ಲ. ಕಂಪೆನಿಗೆ ಬಸ್ಸುಗಳು ಒಂದೊಂದೇ ಹೆಚ್ಚಾದವು, ಉಳಿದ ಡ್ರೈವರುಗಳು ನೋಡಿದರು, ತಾವೂ ನಿಲ್ಲಿಸಿದರು, ಅಷ್ಟೇ.

ಕ್ರಮೇಣ ಅದು ಊರಿಗೆಲ್ಲ ಗೊತ್ತಾಯಿತು. ಔಷಧಿ ತರಲು ಕ್ಯೂ ನಿಂತವರಿಗೆ ನರ್ಸುಗಳೇ ಧೈರ್ಯ ಹೇಳುತ್ತಿದ್ದರು, ಕಾರ್ಕಳದ ಬಸ್ಸಲ್ಲವಾ, ಕೂತುಕೊಳ್ಳಿ, ಅವರು ಕರೆಯುತ್ತಾರೆ ಎಂದು. ಗೇಟಿನ ವಾಚ್‌ಮನ್ ನನ್ನನ್ನು ಕಂಡ ಕೂಡಲೇ ಇಂದು ಯಾರು ಯಾರು ಉಂಟು ಎಂದು ತಿಳಿಸುತ್ತಿದ್ದ. ನಾನು ಒಂದು ಸಲ ಕರೆದರೆ ಸಾಕು, ಮರದ ಕೆಳಗಿನಿಂದ, ಜಗಲಿಯಿಂದ, ಗೋಡೆಯ ಬದಿಯಿಂದ ಜನ ಏಳುತ್ತಿದ್ದರು. ಚಾಪೆ, ದಿಂಬು, ಫ್ಲಾಸ್ಕು, ಬುತ್ತಿ ಕ್ಯಾರಿಯರು. ಹೋಗುವಾಗ ನಾಲ್ವರಿದ್ದು ಬರುವಾಗ ಮೂವರಾದವರನ್ನು ನಮಗೆ ನೋಡಿದರೆ ತಿಳಿಯುತ್ತಿತ್ತು. ಚಾಪೆ ಹೊತ್ತವನ ಕೈಯಲ್ಲಿ ಹಿಡಿಯಲು ಇನ್ನೊಂದು ಕೈ ಇರುತ್ತಿರಲಿಲ್ಲ. ಅಂಥವರೊಡನೆ ಹೇಗುಂಟು ಎಂದು ಕೇಳಬಾರದು, ಇದನ್ನೂ ನನಗೆ ಯಾರೂ ಕಲಿಸಲಿಲ್ಲ. ಅವರು ಹತ್ತಿದ ದಿನ ಪೊರ್ಬುಗಳು ಹಾರ್ನ್ ಒತ್ತದೆ ಓಡಿಸುತ್ತಿದ್ದರು. ಸ್ಟಾಪಿನಲ್ಲಿ ಅಲ್ಲ, ಅವರ ಮನೆಯ ದಾರಿ ತಿರುಗುವಲ್ಲಿಯೇ ನಿಲ್ಲಿಸುತ್ತಿದ್ದರು. ಬಸ್ಸಿನಲ್ಲಿದ್ದ ಉಳಿದವರಿಗೆ ಹೊತ್ತಾಗುತ್ತಿತ್ತು, ಒಬ್ಬರೂ ಗೊಣಗುತ್ತಿರಲಿಲ್ಲ. ನಾಳೆ ನಾವೇ ಚಾಪೆ ಹೊತ್ತು ಆ ಗೇಟಿನಲ್ಲಿ ಕೂರಬೇಕಾದೀತು ಎಂದು ಎಲ್ಲರಿಗೂ ಗೊತ್ತಿತ್ತು.

ನನಗೆ ಆ ಕೆಲಸದ ಮೇಲೆ ಹೆಮ್ಮೆ ಇತ್ತು. ಹೇಳಿಕೊಳ್ಳಲು ನಾಚಿಕೆಯಿಲ್ಲ. ಬ್ಯಾಂಕಿನಲ್ಲಿ ಕೆಲಸ ಸಿಕ್ಕ ನನ್ನ ಭಾವ ಹಬ್ಬಕ್ಕೆ ಬಂದಾಗಲೆಲ್ಲ ಬೆಲ್ಟು ಸರಿಮಾಡಿಕೊಳ್ಳುತ್ತ ನನ್ನ ಖಾಕಿ ಅಂಗಿಯನ್ನು ನೋಡುತ್ತಿದ್ದ. ನಾನು ಮನಸ್ಸಿನಲ್ಲಿಯೇ ಹೇಳಿಕೊಳ್ಳುತ್ತಿದ್ದೆ, ನಿನ್ನ ಬ್ಯಾಂಕು ಯಾರಿಗೂ ಗೇಟಿನವರೆಗೆ ಹೋಗಿ ಕರೆಯುವುದಿಲ್ಲ ಮಾರಾಯ ಎಂದು.

ಎಂಬತ್ತರ ನಂತರ ರಸ್ತೆಯಲ್ಲಿ ಬಸ್ಸುಗಳು ಹೆಚ್ಚಾದವು. ದುಬಾಯಿಯ ದುಡ್ಡು ಹೊಸ ಹೊಸ ಬಣ್ಣ ಬಳಿದುಕೊಂಡು ಓಡತೊಡಗಿತು. ನಮ್ಮ ಬೆನ್ನ ಹಿಂದೆಯೇ ಹೊರಡುವ ಪರ್ಮಿಟ್ಟು ಇನ್ನೊಂದು ಕಂಪೆನಿಗೆ ಸಿಕ್ಕಿತು. ಉಡುಪಿಯ ಸ್ಟ್ಯಾಂಡಿನಲ್ಲಿ ಟೈಮ್ ಕೀಪರು ವಾಚು ಹಿಡಿದು ನಿಲ್ಲುವ ಕಾಲ ಬಂತು, ಎರಡು ನಿಮಿಷಕ್ಕೆ ಕಾಲರ್ ಹಿಡಿದು ಜಗಳಾಡುವ ಕಾಲವೂ ಬಂತು. ಆ ಹೊತ್ತಿಗೆ ಪೊರ್ಬುಗಳ ಕಣ್ಣು ಮಂಜಾಗಿ ಅವರು ಸ್ಟೇರಿಂಗ್ ಬಿಟ್ಟು ಮನೆಯಲ್ಲಿ ಕೂತಿದ್ದರು. ಮೊದಲಿನ ಪಾಲುದಾರರಲ್ಲಿ ಕೆಲವರು ತೀರಿಕೊಂಡಿದ್ದರು, ಕೆಲವರು ಪಾಲು ಮಾರಿದ್ದರು. ಕಾರ್ಕಳದ ಗ್ಯಾರೇಜಿನ ಶೆಡ್ಡಿನಲ್ಲಿ ಅವರು ಕೂರುತ್ತಿದ್ದ ಬೆಂಚು ಹೋಗಿ ಕುರ್ಚಿಗಳು ಬಂದವು, ಕುರ್ಚಿಗಳ ಮೇಲೆ ಮಕ್ಕಳೂ ಅಳಿಯಂದಿರೂ ಬಂದರು. ಮ್ಯಾನೇಜರನಾಗಿ ಬಂದವನು ಪೊರ್ಬುಗಳ ಮಗನೇ. ಬಿ.ಕಾಂ. ಓದಿದವನು. ಅವನು ಸಣ್ಣವನಿದ್ದಾಗ ಬಸ್ಸಿನ ಬಾನೆಟ್ಟಿನ ಮೇಲೆ ಕೂತು ಬರುತ್ತಿದ್ದದ್ದು ನನಗೆ ನೆನಪುಂಟು. ಅವನು ಮೇಜಿನ ಆಚೆ ಕೂತ ದಿನದಿಂದ ನಾನು ಅವನನ್ನು ನೀವು ಎನ್ನಲು ಶುರು ಮಾಡಿದೆ. ಬೇಡ ಎಂದು ಅವನೂ ಹೇಳಲಿಲ್ಲ.

ಒಳ್ಳೆಯ ಹುಡುಗ. ಇದನ್ನು ಹೇಳಲೇಬೇಕು, ಇಲ್ಲದಿದ್ದರೆ ಕತೆ ಸಲೀಸಾಗಿಬಿಡುತ್ತದೆ. ಕುಡಿತ ಇರಲಿಲ್ಲ, ಸಂಬಳ ತಪ್ಪಿಸಲಿಲ್ಲ, ನನ್ನ ತಾಯಿ ತೀರಿದಾಗ ಕಾಪುವಿಗೆ ಬಂದು ಉತ್ತರಕ್ರಿಯೆಯ ಬೊಜ್ಜದ ಊಟದ ಪಂಕ್ತಿಯಲ್ಲಿ ನೆಲದ ಮೇಲೆ ಕೂತು ಉಂಡು ಹೋದ. ಒಂದು ದಿನ ನಮ್ಮನ್ನೆಲ್ಲ ಶೆಡ್ಡಿಗೆ ಕರೆಸಿದ. ಗೇಟಿನಲ್ಲಿ ನಾವು ನಿಂತಷ್ಟು ಹೊತ್ತಿನಲ್ಲಿ ಹಿಂದಿನ ಬಸ್ಸು ಮುಂದೆ ಹೋಗಿ ಹಿರಿಯಡ್ಕದ ಜನರನ್ನೆಲ್ಲ ಬಾಚಿಕೊಂಡು ಹೋಗುತ್ತದೆ, ಹೀಗೇ ಆದರೆ ಮುಂದಿನ ವರ್ಷ ಕಂಪೆನಿಯೇ ಇರುವುದಿಲ್ಲ, ಆಮೇಲೆ ಯಾರನ್ನು ಯಾರು ಕರೆಯುವುದು ಎಂದು ಕೇಳಿದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ನನ್ನ ಕಷ್ಟ ಅದೇ. ಸುಳ್ಳು ಹೇಳಿದ್ದರೆ ಜಗಳಾಡಬಹುದಿತ್ತು. ಹಳಬರು ಒಂದಿಬ್ಬರು ಗೇಟಿನಲ್ಲಿ ಕಾಯುವವರ ಮಾತೆತ್ತಿದರು. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಸ್ವಲ್ಪ ಹೊತ್ತು ನಡೆಯಿತು. ಕೊನೆಗೆ ಅವನು ಹೇಳಿದ:

"ಧರ್ಮ ಮಾಡಬೇಕು ಅಂತ ಇರುವವರು ಛತ್ರ ಕಟ್ಟಲಿ. ನಾವು ಬಸ್ಸು ಓಡಿಸುವವರು."

ಆಯಿತು, ಹಾಗಾದರೆ ಆಸ್ಪತ್ರೆಯವರಿಗೆ ಒಂದು ಮಾತು ತಿಳಿಸುವ, ನಾಳೆಯಿಂದ ಕರೆಯುವುದಿಲ್ಲ, ಸರ್ಕಲ್ಲಿಗೆ ಹೋಗಿ ನಿಂತುಕೊಳ್ಳಬೇಕು ಎಂದು, ನಾನು ಕೇಳಿಕೊಂಡೆ. ಜನ ಅಲ್ಲಿ ನಂಬಿ ಕೂತಿರುತ್ತಾರಲ್ಲ. ಅವನು ಬೇಡವೆಂದು ತಲೆಯಾಡಿಸಿದ.

"ಹಾಗೆ ಹೇಳಿದರೆ ಕಂಪೆನಿಯ ಹೆಸರು ಹಾಳಾಗುತ್ತದೆ ಅಣ್ಣ. ಜನ ತಾವಾಗಿಯೇ ತಿಳಿದುಕೊಳ್ಳುತ್ತಾರೆ."

ಹೆಸರು ಇರಬೇಕು, ಕೆಲಸ ಬೇಡ. ಅಂದು ಶೆಡ್ಡಿನಲ್ಲಿ ಪಾಸಾದದ್ದು ಇಷ್ಟು. ಅದೇ ತಿಂಗಳು ಬಸ್ಸುಗಳಿಗೆಲ್ಲ ಹೊಸ ಪೇಂಟು ಹೊಡೆಸಿದರು. ಹಿಂದಿನ ಗಾಜಿನ ಕೆಳಗೆ ಕೆಂಪು ಅಕ್ಷರದಲ್ಲಿ "ಸೇವೆಯೇ ನಮ್ಮ ಧ್ಯೇಯ" ಎಂದು ಬರೆಸಿದರು. ಇಷ್ಟು ವರ್ಷ ನಾವು ಮಾಡುತ್ತಿದ್ದದ್ದಕ್ಕೆ ಒಂದು ಹೆಸರು ಉಂಟೆಂದು ನಮಗೆ ಗೊತ್ತೇ ಇರಲಿಲ್ಲ. ಮನೆಯಲ್ಲಿ ಅನ್ನ ಇರುವವನು ಬಾಗಿಲಿಗೆ ಊಟ ತಯಾರಿದೆ ಎಂದು ಬೋರ್ಡು ಹಾಕುವುದಿಲ್ಲ.

ನಾನು ಕರೆಯುವುದನ್ನು ಬಿಡಲಿಲ್ಲ. ಹೊಸ ಡ್ರೈವರು ಹಾರ್ನ್ ಮೇಲೆ ಕೈಯಿಟ್ಟು ಕೂತಿರುತ್ತಿದ್ದ, ನಾನು ಗೇಟಿನೊಳಗೆ ಹೋಗಿ ಕರೆದು ಬರುತ್ತಿದ್ದೆ. ಕೆಲವೇ ದಿನಗಳಲ್ಲಿ ನನ್ನನ್ನು ಕಾಪು ಉಡುಪಿ ಲೋಕಲ್ ಬಸ್ಸಿಗೆ ಹಾಕಿದರು. ಮನೆಗೆ ಹತ್ತಿರ ಆಯಿತಲ್ಲ ಎಂದು ಮ್ಯಾನೇಜರು ನಗುತ್ತಲೇ ಹೇಳಿದ. ಹತ್ತಿರವೇನೋ ಆಯಿತು. ಮಧ್ಯಾಹ್ನ ಬಿಸಿ ಗಂಜಿ ಉಣ್ಣುವ ಭಾಗ್ಯ ಬಂತು. ಆದರೆ ಸಂಜೆ ಆ ಹೊತ್ತಿಗೆ ನಾನು ಎಲ್ಲಿದ್ದರೂ, ಕಟಪಾಡಿಯಲ್ಲೋ ಉದ್ಯಾವರದ ಸೇತುವೆಯ ಮೇಲೋ, ಈಗ ಅಲ್ಲಿ ಯಾರೋ ಕೂತಿರುತ್ತಾರೆ ಎಂದು ನೆನಪಾಗುತ್ತಿತ್ತು.

ಬೈಲೂರಿನ ಒಬ್ಬಾಕೆ ಉಡುಪಿಯ ಸ್ಟ್ಯಾಂಡಿನಲ್ಲಿ ನನ್ನ ಗುರುತು ಹಿಡಿದಳು. ಕಾಲಿಗೆ ಪ್ಲಾಸ್ಟರ್ ಹಾಕಿದ ಮಗುವನ್ನು ಎತ್ತಿಕೊಂಡು ಒಂದು ಸಂಜೆ ಗೇಟಿನಲ್ಲಿ ಕಾದವಳು ಬೆಳಗಾಗುವವರೆಗೆ ಆಸ್ಪತ್ರೆಯ ಜಗಲಿಯಲ್ಲಿ ಕೂತಿದ್ದಳು. ಅವಳಿಗೆ ಸಿಟ್ಟಿರಲಿಲ್ಲ. ಅಂದು ಬಸ್ಸು ಹಾಳಾಗಿತ್ತಾ ಅಣ್ಣ, ನೀವು ಬರಲೇ ಇಲ್ಲವಲ್ಲ ಎಂದು ನನ್ನ ಬಗ್ಗೆಯೇ ಮರುಕಪಟ್ಟಳು. ನಾನು ನಿಜ ಹೇಳಿದೆ. ಅವಳು ನಂಬಲಿಲ್ಲ ಎಂದೇ ನನಗನಿಸುತ್ತದೆ. ಬಸ್ಸು ಎದುರಿನಿಂದಲೇ ಹಾದುಹೋದರೂ ನಮ್ಮ ಜನ ಅದು ಬೇರೆ ಯಾವುದೋ ಬಸ್ಸು ಎಂದುಕೊಂಡು ಮತ್ತೆ ಕೂರುತ್ತಿದ್ದರು. ಸರ್ಕಲ್ಲಿಗೆ ಹೋಗಿ ನಿಂತರೆ, ಕರೆಯುವಾಗ ನಾವು ಇಲ್ಲದೆ ಕಂಡಕ್ಟರಿಗೆ ತೊಂದರೆಯಾದೀತು ಎಂದು ಅವರ ಯೋಚನೆ. ಹೊರಗಿನಿಂದ ಬಂದ ಹುಡುಗರು ಓಡಿಹೋಗಿ ಸರ್ಕಲ್ಲಿನಲ್ಲಿ ಹತ್ತಿಕೊಳ್ಳುತ್ತಿದ್ದರು. ಉಳಿಯುತ್ತಿದ್ದವರು ನಮ್ಮನ್ನು ಬಲ್ಲವರೇ.

ಪೊರ್ಬುಗಳ ಮನೆಗೆ ನಾನು ಆಗಾಗ ಹೋಗುವುದಿತ್ತು. ಹೋದ ಕೂಡಲೇ ಅವರು ಕೇಳುತ್ತಿದ್ದದ್ದು ನನ್ನ ಹೆಂಡತಿ ಮಕ್ಕಳ ಬಗ್ಗೆ ಅಲ್ಲ, ಗೇಟಿನಲ್ಲಿ ಈಗ ಎಷ್ಟು ಮಂದಿ ಸಿಗುತ್ತಾರೆ ಎಂದು. ಲೋಕಲ್ ಬಸ್ಸಿಗೆ ಬಿದ್ದ ಮೇಲೆ ಹೋದಾಗ ನಾನು ಮುಚ್ಚುಮರೆಯಿಲ್ಲದೆ ಹೇಳಿದೆ, ಈಗ ಯಾರೂ ಕರೆಯುವುದಿಲ್ಲ ಎಂದು. ಅವರು ನಕ್ಕರು. ಇಗರ್ಜಿಯಲ್ಲಿಯೂ ಯಾರೋ ಹೀಗೆ ದೂರಿದ್ದರಂತೆ, ಅವರು ಮಗನನ್ನು ವಿಚಾರಿಸಿದ್ದರಂತೆ. ಹೊಸ ಹುಡುಗರು ಒಂದೊಂದು ದಿನ ಮರೆಯುತ್ತಾರೆ ಪಪ್ಪಾ, ನಾನು ಹೇಳಿದ್ದೇನೆ ಎಂದು ಮಗ ಅಂದಿದ್ದ.

"ಲೈನು ಬದಲಿಸಿದ ಸಿಟ್ಟು ನಿನಗೆ ಉಂಟು. ಅದು ಮಾತಾಡುವುದು, ನೀನಲ್ಲ ಮಾರಾಯ."

ನನಗೆ ಆ ಮಾತು ಬಹಳ ನೋವು ಮಾಡಿತು. ಅವರ ಹೆಂಡತಿ ತಂದಿಟ್ಟ, ಇಡ್ಲಿಯಂಥ ಸಾನ್ನಾಗಳನ್ನು ತಟ್ಟೆಯಲ್ಲಿಯೇ ಬಿಟ್ಟೆ. ಆದರೆ ಜಗಳ ಮುಂದುವರಿಸಲು ಮನಸ್ಸು ಬರಲಿಲ್ಲ. ಆ ಮನುಷ್ಯ ಜೀವನದಲ್ಲಿ ಕಟ್ಟಿದ್ದು ಎರಡೇ, ಒಂದು ಆ ಬಸ್ಸು, ಇನ್ನೊಂದು ಆ ಮಗ. ಒಂದನ್ನು ನಂಬಬೇಕಾದರೆ ಇನ್ನೊಂದನ್ನು ಬಿಡಬೇಕೆಂದು ಅವರಿಗೆ ಹೇಳುವುದು ಹೇಗೆ?

ಕೆಲ ಸಮಯದ ನಂತರ ಪೊರ್ಬುಗಳು ಹೊಟ್ಟೆನೋವೆಂದು ಅದೇ ಆಸ್ಪತ್ರೆಗೆ ಸೇರಿದರು. ಡಾಕ್ಟರು ಹೊಟ್ಟೆ ತೆರೆದು ನೋಡಿ, ಹಾಗೆಯೇ ಹೊಲಿದರು. ಅದರ ಅರ್ಥವೇನೆಂದು ಮಗನಿಗೂ ನನಗೂ ಹೇಳಿದರು. ಪೊರ್ಬುಗಳಿಗೆ ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಬೀಳಲಿಲ್ಲ. ಮನೆಗೆ ಕಳಿಸುತ್ತೇವೆ ಎಂದಾಗ ಅವರು ಸುಮ್ಮನೆ ಸರಿ ಅಂದರು. ಬಿಡುಗಡೆಯ ದಿನ ನನಗೆ ರಜೆಯಿತ್ತು, ಜೊತೆಗೆ ನಾನೇ ಇದ್ದೆ. ಮಗನಿಗೆ ಅಂದು ಉಡುಪಿಯಲ್ಲಿ ಟೈಮಿಂಗಿನ ಜಗಳದ ಮಾತುಕತೆ, ತಪ್ಪಿಸುವ ಹಾಗಿರಲಿಲ್ಲ. ಮಧ್ಯಾಹ್ನವೇ ಒಂದು ಅಂಬಾಸಿಡರ್ ಬಾಡಿಗೆ ಕಾರು ಕಳಿಸಿದ್ದ. ಕಾಗದಪತ್ರ ಆಗುವಾಗ ಸಂಜೆಯಾಗುತ್ತದೆ ಎಂದು ಗೊತ್ತಾದ ಮೇಲೆ ಪೊರ್ಬುಗಳು ಕಾರಿನವನನ್ನು ಕರೆದು, ನೀನು ಬೇರೆ ಬಾಡಿಗೆ ನೋಡಿಕೋ ಎಂದು ಕಳಿಸಿಬಿಟ್ಟರು. ನಾನು ಬೇಡ ಬೇಡವೆಂದೆ.

"ಕಾರು ಎಂತಕ್ಕೆ? ನಮ್ಮ ಬಸ್ಸು ಉಂಟಲ್ಲ."

ಪೊರ್ಬುಗಳೇ, ಬಸ್ಸು ಕರೆಯುವುದಿಲ್ಲ, ಸರ್ಕಲ್ಲಿನವರೆಗೆ ರಿಕ್ಷಾ ಮಾಡಿಕೊಂಡು ಹೋಗಿ ನಿಲ್ಲುವ ಎಂದು ನಾನು ಮತ್ತೆ ಮತ್ತೆ ಹೇಳಿದೆ. ಅವರು ನನ್ನ ಕೈಯನ್ನು ತಟ್ಟಿದರು, ಹಟ ಮಾಡುವ ಮಗುವಿಗೆ ತಟ್ಟುವ ಹಾಗೆ. ಇಡೀ ಆಯುಷ್ಯ ಬೇರೆಯವರನ್ನು ಕರೆಸಿದ್ದೇನೆ, ಒಂದು ದಿನ ನನ್ನನ್ನೂ ಕರೆಯಲಿ, ಕೇಳುವ ಆಸೆ ಉಂಟು ಎಂದರು.

ಗೇಟಿನೊಳಗಿನ ಮರದ ಕೆಳಗೆ ಕೂತೆವು. ಹಳೆಯ ವಾಚ್‌ಮನ್ ಅವರ ಗುರುತು ಹಿಡಿದು ತನ್ನ ಕುರ್ಚಿಯನ್ನೇ ತಂದುಕೊಟ್ಟ. ಅವನಿಗೂ ವಿಷಯ ಗೊತ್ತಿತ್ತು. ನನ್ನ ಮುಖ ನೋಡಿದ, ನೋಡಿ ಬೇರೆ ಕಡೆ ತಿರುಗಿದ. ಪೊರ್ಬುಗಳು ಶಾಲು ಹೊದೆದುಕೊಂಡು, ಸುತ್ತಿದ ಚಾಪೆಯನ್ನು ಮೊಣಕಾಲಿನ ಮೇಲೆ ಅಡ್ಡ ಇಟ್ಟುಕೊಂಡು ಕೂತರು. ನಾನು ಹಿಡಿದುಕೊಳ್ಳುತ್ತೇನೆ ಎಂದರೆ ಕೊಡಲಿಲ್ಲ. ಆ ದಿನ ಅವರಿಗೆ ಮಾತಾಡುವ ಹುರುಪು ಬಂದಿತ್ತು. ಇದೇ ಗೇಟಿನಿಂದ ಹತ್ತಿದವರನ್ನೆಲ್ಲ ನೆನಪಿಸಿಕೊಂಡರು. ಜ್ವರ ಬಿಟ್ಟು ಮನೆಗೆ ಹೊರಟ ಹುಡುಗಿಯನ್ನು, ಹಾವು ಕಚ್ಚಿ ಬದುಕಿದ ಮುದುಕನನ್ನು, ಸತ್ತ ಗಂಡನ ಕನ್ನಡಕವನ್ನು ದಾರಿಯುದ್ದಕ್ಕೂ ಒರೆಸುತ್ತ ಕೂತಿದ್ದ ಹೆಂಗಸನ್ನು. ನಾನು ಹೂಂಗುಟ್ಟುತ್ತಿದ್ದೆ. ಒಂದೇ ಪ್ರಾರ್ಥನೆ ಮಾಡುತ್ತಿದ್ದೆ, ಇಂದು ಬಸ್ಸು ಹಾಳಾಗಲಿ, ಬರದೇ ಇರಲಿ ಎಂದು. ಬಸ್ಸಿನ ಅನ್ನ ತಿಂದವನು ಹಾಗೆ ಬೇಡಿಕೊಂಡದ್ದು ಅದೊಂದೇ ದಿನ.

ಇಂದ್ರಾಳಿಯ ಕಡೆಯಿಂದ ಏರಿ ಬರುವ ಎಂಜಿನಿನ ಸದ್ದು ನನಗಿಂತ ಮೊದಲು ಅವರಿಗೆ ಕೇಳಿತು. ಕಣ್ಣು ಮಂಜಾಗಿತ್ತು, ಕಿವಿ ಇತ್ತು. ನಮ್ಮದು ಎಂದರು. ಹೊಲಿಗೆಯ ಜಾಗವನ್ನು ಒತ್ತಿ ಹಿಡಿದುಕೊಂಡು ಎದ್ದರು, ನನ್ನ ಹೆಗಲು ಹಿಡಿದು ಗೇಟಿನ ಕಂಬದವರೆಗೆ ನಡೆದರು. ಸಂಜೆಯ ಬೆಳಕು ಇನ್ನೂ ಇತ್ತು, ಬಸ್ಸಿನೊಳಗೆ ದೀಪ ಹಾಕಿದ್ದರು. ನಮ್ಮ ಬಸ್ಸು, ಅದರ ಬೆನ್ನಿಗೇ ಹಾರ್ನ್ ಒತ್ತುತ್ತ ಇನ್ನೊಂದು. ಗೇಟಿನ ಎದುರು ನಮ್ಮದು ನಿಧಾನವೂ ಆಗಲಿಲ್ಲ. ಮೆಟ್ಟಿಲ ಮೇಲೆ ನಿಂತಿದ್ದ ಕಂಡಕ್ಟರು ಹೊರಗೆ ಬಾಗಿ ಹಿಂದಿನ ಬಸ್ಸನ್ನು ನೋಡಿ, ಇನ್ನೂ ಜೋರು ಎಂಬಂತೆ ಉದ್ದಕ್ಕೆ ವಿಸಿಲ್ ಊದಿದ. ಡ್ರೈವರಿನ ಪಕ್ಕದ ಎದುರು ಸೀಟಿನಲ್ಲಿ ಪೊರ್ಬುಗಳ ಮಗ ಕೂತಿದ್ದ. ಉಡುಪಿಯ ಮಾತುಕತೆ ಮುಗಿಸಿ ಮನೆಗೆ ಹೊರಟವನು. ಅಪ್ಪ ಕಾರಿನಲ್ಲಿ ಹೋಗಿ ಮುಟ್ಟಿದ್ದಾರೆ ಎಂದೇ ಅವನು ತಿಳಿದಿದ್ದ. ಅವನೂ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದಿನ ಬಸ್ಸು ಎಷ್ಟು ಹತ್ತಿರ ಬಂತೆಂದು ನೋಡುತ್ತಿದ್ದ. ನಮ್ಮ ಮುಂದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಿಂದ ಆ ಮುಖ ಹಾದುಹೋಯಿತು. ಗೇಟಿನ ಕಡೆ ನೋಡಲಿಲ್ಲ. ನೋಡುವ ಅಭ್ಯಾಸವೇ ಹೋಗಿತ್ತು. ಅವನ ಹಿಂದೆ ಕೆಂಪು ಅಕ್ಷರಗಳು ಹೋದವು, ಅವುಗಳ ಹಿಂದೆ ಇನ್ನೊಂದು ಬಸ್ಸು.

ಪೊರ್ಬುಗಳಿಗೆ ಮಗನ ಮುಖ ಕಂಡಿತೋ ಇಲ್ಲವೋ ಎಂದು ನನಗೆ ಆಗ ಗೊತ್ತಾಗಲಿಲ್ಲ. ಅಷ್ಟು ಹತ್ತಿರದ್ದು ಅವರಿಗೆ ಕಾಣುತ್ತಿತ್ತು. ಅವರು ಸುಮಾರು ಹೊತ್ತು ಕಂಬ ಹಿಡಿದುಕೊಂಡೇ ನಿಂತರು. ಆಮೇಲೆ ಕುರ್ಚಿಗೆ ಹಿಂದಿರುಗಿದರು.

"ಸೀಟು ಖಾಲಿ ಇತ್ತು," ಎಂದರು. "ನೋಡಿದೆಯಾ ನೀನು? ಹಿಂದೆ ಎಲ್ಲ ಖಾಲಿ ಇತ್ತು."

ನೋಡಿದೆ ಎಂದೆ. ನಾನು ಹೇಳಿದ್ದೇ ಸರಿಯಾಯಿತು ಎಂಬ ಸಮಾಧಾನ ಒಂದು ಸಾಸಿವೆಯಷ್ಟೂ ನನಗಾಗಲಿಲ್ಲ. ನನ್ನ ಮಾತು ಸುಳ್ಳಾಗಿದ್ದರೆ ನಾನು ಆ ಮರದ ಕೆಳಗೆ ಕುಣಿಯುತ್ತಿದ್ದೆ.

ವಾಚ್‌ಮನ್ ಓಡಿಹೋಗಿ ಒಂದು ಬಾಡಿಗೆ ಕಾರು ತಂದ. ದಾರಿಯಲ್ಲಿ, ಪರ್ಕಳದ ಇಳಿಜಾರಿನಲ್ಲಿ, ಪೊರ್ಬುಗಳ ಬಲಗಾಲು ತಾನಾಗಿಯೇ ಬ್ರೇಕು ಒತ್ತಿದ್ದು ಕಂಡೆ. ಮನೆ ಹತ್ತಿರವಾದಾಗ, ಅಂಗಳದವರೆಗೆ ಕಾರು ಹೋಗುತ್ತಿದ್ದರೂ, ಡಾಮರು ರಸ್ತೆಯಲ್ಲಿಯೇ ನಿಲ್ಲಿಸಲು ಹೇಳಿದರು. ಬಸ್ಸಿನಿಂದ ಇಳಿಯುವವರು ಇಳಿಯುವ ಜಾಗ ಅದು. ಕಾರನ್ನು ಅಲ್ಲಿಂದಲೇ ತಿರುಗಿಸಿ ಕಳಿಸಿದರು. ಆ ಹೊಟ್ಟೆಯನ್ನು ಹಿಡಿದುಕೊಂಡು, ನನ್ನ ಮೇಲೆ ಭಾರ ಹಾಕಿ, ಗದ್ದೆಯ ಬದಿಯ ದಾರಿಯಲ್ಲಿ ನಿಂತು ನಿಂತು ನಡೆದರು. ಯಾಕೆ ಈ ಹಟ ಎಂದು ನನಗೆ ಅರ್ಥವಾಗಲಿಲ್ಲ, ಸಿಟ್ಟೂ ಬಂತು.

ಮಗ ಅಂಗಳದಲ್ಲಿಯೇ ಇದ್ದ. ಕಾರಿನವನು ಬಂದು ತನ್ನನ್ನು ಹಿಂದೆ ಕಳಿಸಿದ್ದನ್ನು ತಿಳಿಸಿದ್ದನಂತೆ. ಅವನು ಗಾಬರಿಯಾಗಿ ಸ್ಕೂಟರು ಹತ್ತಿ ಹುಡುಕಲು ಹೊರಟಿದ್ದ. ಓಡಿಬಂದು ಅಪ್ಪನ ಇನ್ನೊಂದು ತೋಳು ಹಿಡಿದ. ಎಲ್ಲಿಗೆ ಹೋದಿರಿ, ಹೇಗೆ ಬಂದಿರಿ ಎಂದು ಕೇಳಿದ. ಅಪ್ಪನ ಮೇಲೆ ಅವನಿಗೆ ಪ್ರೀತಿ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಪೊರ್ಬುಗಳು ಕೊಂಕಣಿಯಲ್ಲಿ, ಬಹಳ ಮೃದುವಾಗಿ ಹೇಳಿದರು:

"ನಮ್ಮ ಬಸ್ಸಿನಲ್ಲಿಯೇ ಬಂದೆ ಪುತಾ. ಗೇಟಿನಲ್ಲಿ ಕರೆದರು."

ಪೊರ್ಬುಗಳ ಹೆಂಡತಿ ಜಗಲಿಯಿಂದ ಇಳಿದು ಬಂದಿದ್ದರು. ಅವರಿಗೆ ಏನೂ ಗೊತ್ತಿರಲಿಲ್ಲ. ನಾನು ಹೇಳಲಿಲ್ಲವಾ, ಅವರು ಕರೆಯದೆ ಹೋಗುವುದಿಲ್ಲ, ಕಾರಿಗೆ ಸುಮ್ಮನೆ ಯಾಕೆ ಖರ್ಚು ಎಂದು ಮಗನಿಗೆ ಹೇಳುತ್ತ ಚಾಪೆಯನ್ನು ತೆಗೆದುಕೊಂಡು ಒಳಗೆ ಹೋದರು. ಮಗ ನನ್ನ ಮುಖ ನೋಡಿದ. ಆ ಬಸ್ಸಿನಲ್ಲಿ ಬಂದವನು ಅವನೇ. ಯಾರು ಹತ್ತಿದರು, ಯಾರು ಇಳಿದರು, ಎಲ್ಲಿ ನಿಂತಿತು, ಎಲ್ಲಿ ನಿಲ್ಲಲಿಲ್ಲ ಎಲ್ಲ ಅವನಿಗೆ ಗೊತ್ತು. ನಾನು ತಲೆ ತಗ್ಗಿಸಿ ಚಪ್ಪಲಿ ಬಿಚ್ಚತೊಡಗಿದೆ. ಅವನು ಅಪ್ಪನ ತೋಳು ಬಿಡಲಿಲ್ಲ. ಇಬ್ಬರೂ ಸೇರಿ ಅವರನ್ನು ಮಂಚದವರೆಗೆ ನಡೆಸಿಕೊಂಡು ಹೋದೆವು.

ಪೊರ್ಬುಗಳು ಅದನ್ನು ಮಗನನ್ನು ಚುಚ್ಚಲು ಹೇಳಿದರೋ, ತಾಯಿಯ ಎದುರು ಅವನ ಮಾನ ಉಳಿಸಲು ಹೇಳಿದರೋ, ನನಗೆ ಇಂದಿಗೂ ತಿಳಿದಿಲ್ಲ. ಎರಡೂ ಇರಬಹುದು. ಅಥವಾ ಸಾಯುವ ಮೊದಲು ಒಂದು ಸಲ ಹಾಗೆ ಮನೆಗೆ ಬಂದೆ ಎಂದು ತಮಗೆ ತಾವೇ ಹೇಳಿಕೊಂಡದ್ದೂ ಇರಬಹುದು. ಆಮೇಲೆ ನಾನು ಹೋದಾಗಲೆಲ್ಲ ಅವರು ನನ್ನ ಹೆಂಡತಿ ಮಕ್ಕಳ ಬಗ್ಗೆ ಕೇಳತೊಡಗಿದರು. ಗೇಟಿನ ವಿಷಯ ಒಂದು ದಿನವೂ ಕೇಳಲಿಲ್ಲ. ಹಿಂದೆ ಎಷ್ಟು ಮಂದಿ ಸಿಗುತ್ತಾರೆ ಎಂದು ಅವರು ಪೀಡಿಸುತ್ತಿದ್ದಾಗ ನನಗೆ ಬೇಸರವಾಗುತ್ತಿತ್ತು. ಈಗ ಅವರು ಸುಮ್ಮನಿರುವುದನ್ನು ನೋಡಿ, ಮನುಷ್ಯ ಇನ್ನೂ ಉಸಿರಾಡುತ್ತಿರುವಾಗಲೇ ಒಳಗೆ ಎಲ್ಲ ಮುಗಿದಿರಬಹುದು ಎಂದು ತಿಳಿಯಿತು.

ಅವರು ಹೋದ ದಿನ ಕಂಪೆನಿಯ ಬಸ್ಸುಗಳನ್ನೆಲ್ಲ ನಿಲ್ಲಿಸಿದರು. ಎದುರಾಳಿ ಕಂಪೆನಿಯವರೂ ದೊಡ್ಡ ಹಾರ ತಂದರು. ಶೆಡ್ಡಿನಲ್ಲಿ ಅವರ ಫೋಟೋ ಹಾಕಿ ಸಭೆ ಮಾಡಿದರು, ಅವರು ಹಾಕಿಕೊಟ್ಟ ದಾರಿಯಲ್ಲಿಯೇ ನಡೆಯುತ್ತೇವೆ ಎಂದು ಒಬ್ಬ ಪಾಲುದಾರ ಭಾಷಣ ಮಾಡಿದ. ಮಗನನ್ನು ಮಾತಾಡಲು ಕರೆದರು. ಅವನು ಎದ್ದು ನಿಂತು, ಅಪ್ಪನ ಫೋಟೋ ನೋಡಿ ಮತ್ತೆ ಕೂತ. ಆಗ ನನಗೆ ಒಂದು ಸಣ್ಣ ಆಸೆ ಹುಟ್ಟಿತು, ನಾಳೆ ಗೇಟಿನಲ್ಲಿ ಬಸ್ಸು ನಿಂತರೂ ನಿಂತೀತು ಎಂದು. ಆ ವಯಸ್ಸಿನಲ್ಲಿಯೂ ಅಂಥ ಆಸೆ ಹುಟ್ಟಿತಲ್ಲ ಎಂದು ಈಗ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಬಸ್ಸು ನಿಲ್ಲಲಿಲ್ಲ. ನಾನು ಮುಂದಿನ ರಜೆಯ ದಿನ ಬೇಕೆಂದೇ ಮಣಿಪಾಲಕ್ಕೆ ಹೋಗಿ ನೋಡಿದೆ. ಮರದ ಕೆಳಗೆ ಒಬ್ಬ ಮುದುಕಿ ಚಾಪೆ, ಫ್ಲಾಸ್ಕು ಇಟ್ಟುಕೊಂಡು ಮೊಮ್ಮಗಳೊಡನೆ ಕೂತಿದ್ದಳು. ಹುಡುಗಿಯ ಮುಖ ಬಾಡಿತ್ತು. ನಮ್ಮ ಬಸ್ಸು ಏರಿ ಬಂತು, ಹಾದುಹೋಯಿತು. ಸರ್ಕಲ್ಲಿನಲ್ಲಿ ಅದು ಒಂದು ನಿಮಿಷ ನಿಲ್ಲುವುದು ನನಗೆ ಗೊತ್ತಿತ್ತು. ಅಮ್ಮಾ, ಕಾರ್ಲದ ಬಸ್ಸು ಅದೇ, ಚಾಪೆ ನನಗೆ ಕೊಡಿ, ಬೇಗ ನಡೆದರೆ ಸಿಗುತ್ತದೆ ಎಂದು ನಾನು ಕೈ ಮುಂದೆ ಮಾಡಿದೆ. ಅವಳು ಚಾಪೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಯಾರೋ ಹೊಸಬ, ಪಾಪ, ಇವನಿಗೆ ಇಲ್ಲಿಯ ಕ್ರಮ ಗೊತ್ತಿಲ್ಲ ಎಂಬಂತೆ ನನ್ನನ್ನು ನೋಡಿದಳು.

"ಗಡಿಬಿಡಿ ಎಂತಕ್ಕೆ? ನೀವೂ ಕೂತುಕೊಳ್ಳಿ," ಎಂದು ಪಕ್ಕದಲ್ಲಿ ಜಾಗ ಬಿಟ್ಟಳು. "ಈಗ ಬಂದು ಕರೆಯುತ್ತಾರೆ."